ಇಲಿ ಕೂಸು

ಮಿಲಿಯಾಮಾಳ ಹೊಕ್ಕುಳಬಳ್ಳಿಯನ್ನು ಇಲಿ ಕದ್ದುಕೊಂಡು ಹೋಗಿ ಅರವತ್ತು ವರ್ಷ ದಾಟಿತ್ತು. ಅಷ್ಟರೊಳಗೆ ಕೌಪೋ ಊರಿನ ಸೇತುವೆ ಕೊಚ್ಚಿಹೋಗಿ ಹೊಸದು ಬಂದಿತ್ತು, ಇದ್ದ ಒಂದೇ ಅಂಗಡಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿತ್ತು, ಯಾರ್ಯಾರದೋ ಮದುವೆಗಳು ಮುರಿದು ಮತ್ತೆ ಕೂಡಿಕೊಂಡಿದ್ದವು. ಅದನ್ನೆಲ್ಲ ಜನ ಮರೆತರು. ಇಲಿಯನ್ನು ಮಾತ್ರ ಯಾರೂ ಮರೆಯಲಿಲ್ಲ.

ಆ ದ್ವೀಪದ ಸೀಮೆಯಲ್ಲಿ ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿದ್ದರೆ ಅದನ್ನು ಎಸೆಯುವುದಿಲ್ಲ. ಹಲೆಯಾಕಲಾ ಬೆಟ್ಟ ಹತ್ತಿ, ಆ ಹಳೆಯ ಅಗ್ನಿಪರ್ವತದ ಬಾಯೊಳಗೆ ಇಳಿದು, ತಮ್ಮ ಮನೆತನದ ಕಲ್ಲುಬಿರುಕಿನಲ್ಲಿ ಬಚ್ಚಿಟ್ಟು ಬರಬೇಕು. ಆಗ ಮಗು ಎಲ್ಲಿ ಹೋದರೂ ಬೇರು ಇಲ್ಲಿರುತ್ತದೆ. ಅದಕ್ಕೂ ಮೊದಲು ಇಲಿಯೇನಾದರೂ ಅದನ್ನು ಎತ್ತಿಕೊಂಡು ಹೋಯಿತೋ, ಮಗು ದೊಡ್ಡದಾಗಿ ಕಳ್ಳತನಕ್ಕೆ ಇಳಿಯುವುದು ಖಂಡಿತ. ಮಿಲಿಯಾಮಾ ಹುಟ್ಟಿದ ವರ್ಷ ಮಳೆ ಬಿಡುವು ಕೊಡಲಿಲ್ಲ. ಬಿಸಿಲು ಬರಲಿ, ಬೆಟ್ಟ ಹತ್ತೋಣ ಎಂದು ಅವಳ ತಾಯಿ ಅದನ್ನು ಎಲೆಯಲ್ಲಿ ಸುತ್ತಿ ಜಂತಿಯ ಮೇಲಿಟ್ಟಳು. ಬಿಸಿಲಿಗಿಂತ ಮೊದಲು ಇಲಿ ಬಂತು.

ಅಂದಿನಿಂದ ಊರಲ್ಲಿ ಏನು ಕಳೆದರೂ ಮೊದಲು ಮಿಲಿಯ ಜೇಬು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಜೇಬಿನಲ್ಲಿ ಆಗಾಗ ಸಿಗುತ್ತಲೂ ಇತ್ತು. ಪಕ್ಕದ ಮನೆಯ ಮಾವಿನಹಣ್ಣು, ಅಕ್ಕನ ಬಾಚಣಿಗೆ, ಚರ್ಚಿನ ಮೇಣದಬತ್ತಿಯ ತುಂಡು. ಕದ್ದರೂ ಬೈಗುಳ, ಕದಿಯದಿದ್ದರೂ ಬೈಗುಳ ಎಂದಮೇಲೆ ಬರಿಗೈಯಲ್ಲಿ ಬೈಸಿಕೊಳ್ಳುವುದು ದಡ್ಡತನ ಎಂಬುದು ಎಳೆಯ ಮಿಲಿಯ ವಾದ. ಹತ್ತೊಂಬತ್ತು ತುಂಬಿದಾಗ ಅವಳು ಹನಾಲೆಯನ್ನು ಮದುವೆಯಾದಳು. ಅಕ್ಕ ಕಪೇಕಾ ಅವನ ಜೊತೆ ಎರಡು ಶನಿವಾರ ಕುಣಿದಿದ್ದಳು. ಊರಿಗೆ ಇನ್ನೇನು ಬೇಕು? ಇಲಿ ಕೂಸು ಕೊನೆಗೆ ಆಳನ್ನೇ ಹೊತ್ತುಕೊಂಡು ಹೋಯಿತು ಎಂದು ವರ್ಷಗಟ್ಟಲೆ ನಕ್ಕರು.

ಮಿಲಿಯಾಮಾ ಕೂಡ ನಗುತ್ತಿದ್ದಳು. ನಗಲಾರದ ವಿಷಯ ಒಂದೇ ಒಂದಿತ್ತು. ಮನೆತನದ ಆ ಬಿರುಕು ಎಲ್ಲಿದೆ ಎಂಬುದು ಒಂದು ತಲೆಮಾರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಬೇಕು. ಅದನ್ನು ಬಾಯಲ್ಲಿ ಹೇಳುವಂತಿಲ್ಲ, ಬೆರಳು ಮಾಡಿ ತೋರಿಸುವಂತಿಲ್ಲ. ಬಲ್ಲವರು ಕೈಹಿಡಿದು ನಡೆಸಿಕೊಂಡು ಹೋಗಬೇಕು, ಅಷ್ಟೇ. ತಾಯಿ ಕಪೇಕಾಳನ್ನು ನಡೆಸಿಕೊಂಡು ಹೋಗಿದ್ದಳು. ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಮಿಲಿಯಾಮಾಳೂ ಜೊತೆಗೆ ಇಳಿಯುತ್ತಿದ್ದಳು, ಬುತ್ತಿ ಹೊರುತ್ತಿದ್ದಳು, ಅಂಚಿನಲ್ಲಿ ನಿಂತು ಬೆಟ್ಟದ ಅಪ್ಪಣೆ ಕೇಳುವ ಹಾಡು ಹಾಡುತ್ತಿದ್ದಳು. ಆದರೆ ಕುಳಿಯ ತಳದಲ್ಲಿರುವ ಬೆನ್ನುಬಂಡೆಯ ಹತ್ತಿರ ಬಂದ ಕೂಡಲೇ ಉಳಿದವರೆಲ್ಲರ ಹಾಗೆ ಅವಳೂ ಬೆನ್ನು ತಿರುಗಿಸಿ ನಿಲ್ಲಬೇಕು. ಅಕ್ಕ ಒಬ್ಬಳೇ ಮುಂದೆ ಹೋಗಿ ಇಟ್ಟು ಬರುತ್ತಿದ್ದಳು. ಅಣ್ಣನ ಮಕ್ಕಳದಕ್ಕೆ ಹಾಗೆ ನಿಂತಳು. ಸ್ವಂತ ಮಗನದಕ್ಕೂ ಹಾಗೇ ನಿಂತಳು. ತಿರುಗಿ ನೋಡು ಎಂದು ಅಕ್ಕ ಒಂದೇ ಒಂದು ಸಲ ಹೇಳಲಿ ಎಂಬುದು ಅವಳ ಆಸೆ. ಅರವತ್ತು ದಾಟಿದರೂ ಅದು ಆರಿರಲಿಲ್ಲ.

ಈಗ ಮಗ ಕಿಮೊಗೆ ಹೆಣ್ಣು ಮಗು ಹುಟ್ಟಿತ್ತು. ಅನುಹೇಯಾ, ಮೂರು ತಿಂಗಳು. ಮೊಮ್ಮಗಳ ಹೊಕ್ಕುಳಬಳ್ಳಿ ಉದುರಿದ ದಿನದಿಂದ ಮಿಲಿಯಾಮಾ ಅದನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿಟ್ಟು, ಸೀಸೆಯನ್ನು ದಿಂಬಿನ ಕೆಳಗಿಟ್ಟು ಮಲಗಿದ್ದಳು. ಮನೆಗೆ ಎರಡು ಹೊಸ ಇಲಿಬೋನು ಬಂದಿದ್ದವು. ಹನಾಲೆಯ ಕಾಲ್ಬೆರಳು ಒಂದರಲ್ಲಿ ಸಿಕ್ಕಿಬಿದ್ದಿತ್ತು.

ಬೆಟ್ಟದ ತುದಿಗೆ ಅಕ್ಕ, ತಂಗಿ, ಕಿಮೊ ಮೂವರೂ ಬಂದು ಮುಟ್ಟಿದಾಗ ಸೂರ್ಯೋದಯ ನೋಡಲು ಬಂದಿದ್ದ ಪ್ರವಾಸಿಗರು ಹೋಟೆಲಿನ ಕಂಬಳಿ ಹೊದ್ದುಕೊಂಡೇ ಬಸ್ಸಿಗೆ ಮರಳುತ್ತಿದ್ದರು. ಹತ್ತು ಸಾವಿರ ಅಡಿ ಎತ್ತರ. ಗಾಳಿ ತೆಳ್ಳಗೆ, ಬಿಸಿಲು ಚುರುಕು, ನೆರಳಿಗೆ ಹೋದರೆ ಹಲ್ಲು ಕಟಕಟ. ಕಿಮೊ ಟ್ರೇಲರಿನಿಂದ ಹೇಸರಗತ್ತೆಯನ್ನು ಇಳಿಸಿ, ಅದರ ಮೇಲೆ ದೊಡ್ಡಮ್ಮನನ್ನು ಹತ್ತಿಸುವುದಕ್ಕೆ ಒದ್ದಾಡುತ್ತಿದ್ದ. ಹೇಸರಗತ್ತೆಯ ಹೆಸರು ಪೋಪೋಕಿ, ಅಂದರೆ ಬೆಕ್ಕು. ಅಂಥ ಹೆಸರಿಟ್ಟ ಮಹಾನುಭಾವ ಹನಾಲೆ.

"ಬೆಕ್ಕು ಇರ್ಲಿ ಬಿಡು," ಎಂದಳು ಕಪೇಕಾ, ಕೊನೆಗೂ ಜೀನಿನ ಮೇಲೆ ಕೂತು ಏದುಸಿರು ಬಿಡುತ್ತ. "ಇಲಿ ಜೊತೇಲಿ ಬರ್ತಿದೆ. ಕಾವಲಿಗಾಯ್ತು."

"ಅಕ್ಕಾ, ಎಪ್ಪತ್ತೆರಡಾಯ್ತು ನಿಂಗೆ. ಇನ್ನಾದ್ರೂ ಹೊಸ ಜೋಕು ಕಲಿ."

"ಹಳೇದೇ ಚೆನ್ನಾಗಿದೆ. ಎಲ್ಲಿ, ಸೀಸೆ ಕೊಡಿಲ್ಲಿ."

ಮಿಲಿಯಾಮಾ ಕೊರಳಿಂದ ಸೀಸೆಯಿದ್ದ ಚೀಲ ತೆಗೆದು ಕೊಟ್ಟಳು. ಕಪೇಕಾ ಸೀಸೆಯನ್ನು ಬಿಸಿಲಿಗೆ ಹಿಡಿದು, ಒಳಗಿನದು ಒಳಗೇ ಇದೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿ, ತನ್ನ ಕೊರಳಿಗೆ ಹಾಕಿಕೊಂಡಳು. ನೋಡಿದ್ದು ತಮಾಷೆಗೇ. ಆದರೂ ಮಿಲಿಯಾಮಾಗೆ ಚುರ್ ಎಂದಿತು.

"ಆಂಟಿ, ಅಮ್ಮ ಅದನ್ನ ಮೂರು ತಿಂಗಳು ಕಾದಿದಾಳೆ," ಎಂದ ಕಿಮೊ. "ನನ್ನ ಮಗಳನ್ನೂ ಅಷ್ಟು ಕಾದಿಲ್ಲ."

"ಕಳ್ಳರಷ್ಟು ಚೆನ್ನಾಗಿ ಯಾರಪ್ಪ ಕಾಯ್ತಾರೆ? ಹಾಡು ಮಿಲಿ, ಹೊತ್ತಾಯ್ತು."

ಮಿಲಿಯಾಮಾ ಅಂಚಿಗೆ ಹೋಗಿ ನಿಂತಳು. ಕೆಳಗೆ ಕೆಂಪು, ಕಂದು, ಕಪ್ಪು ಬೂದಿಯ ದಿಬ್ಬಗಳು, ಒಂದೊಂದರ ನೆತ್ತಿಯಲ್ಲೂ ಒಂದು ಗುಳಿ. ಒಂದು ಪಟ್ಟಣವೇ ಹಿಡಿಸುವಷ್ಟು ದೊಡ್ಡ ಕುಳಿ, ಅದರಲ್ಲಿ ಒಂದು ಮನೆಯೂ ಕಾಣದು. ಅವಳು ಉಸಿರೆಳೆದುಕೊಂಡು, ನಾವು ಇಂಥವರ ಮಕ್ಕಳು, ಇಂಥದ್ದಕ್ಕೆ ಬಂದಿದ್ದೇವೆ, ಒಳಗೆ ಬರಲೇ ಎಂದು ಹಾಡಿ ಕೇಳಿದಳು. ದನಿ ಕೆಳಗಿಳಿದು ಎಲ್ಲೋ ಹೋಯಿತು. ಕಂಬಳಿ ಹೊದ್ದ ಒಬ್ಬಾಕೆ ಚಪ್ಪಾಳೆ ತಟ್ಟಿದಳು. ಮಿಲಿಯಾಮಾ ಸುಮ್ಮನೆ ನಿಂತೇ ಇದ್ದಳು, ಗಾಳಿ ಒಮ್ಮೆ ಮುಖಕ್ಕೆ ಬೀಸಿತು. ಅಷ್ಟು ಸಾಕು. ಅಪ್ಪಣೆಯಾಯಿತು.

ಇಳಿಯುವ ದಾರಿಯೆಂದರೆ ಬರೀ ಬೂದಿ ಮರಳು. ಕಾಲಿಟ್ಟರೆ ಅರ್ಧ ಹೆಜ್ಜೆ ಅದೇ ಜಾರಿಸಿ ಮುಂದಕ್ಕೆ ಹಾಕುತ್ತದೆ. ಹತ್ತುವಾಗ ಅದೇ ಮರಳು ಆ ಉಪಕಾರವನ್ನು ಬಡ್ಡಿ ಸಮೇತ ವಾಪಸು ಕೇಳುತ್ತದೆ, ಆ ಮಾತು ಬೇರೆ. ಮಿಲಿಯಾಮಾ ಹುಡುಗಿಯ ಹಾಗೆ ಜಾರುತ್ತ ಇಳಿದಳು. ಮೊಣಕಾಲು ನೋಯುತ್ತಿತ್ತು, ಕಿವಿ ಗುಂಯ್ ಎನ್ನುತ್ತಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಈ ದಾರಿಯಲ್ಲಿ ಅವಳಿಗೆ ಯಾವಾಗಲೂ ಹೀಗೇ. ಮೇಲಿದ್ದ ರಗಳೆ ಒಂದೊಂದೇ ಉದುರಿ ಹೋಗುತ್ತದೆ, ತಿರುವು ದಾಟಿದ ಹಾಗೆಲ್ಲ ನೆಲದ ಬಣ್ಣ ಬದಲಾಗುತ್ತದೆ, ಆಕಾಶ ದೊಡ್ಡದಾಗುತ್ತ ಹೋಗುತ್ತದೆ. ತನ್ನ ಮೊಮ್ಮಗಳ ಕೆಲಸಕ್ಕೆ ಇಳಿಯುತ್ತಿದ್ದೇನೆ ಎಂದು ನೆನೆದಾಗಲೆಲ್ಲ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಪೋಪೋಕಿಗೆ ಅಂಥ ಉತ್ಸಾಹವೇನಿರಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಅದು ನಿಂತುಬಿಟ್ಟಿತು. ಕಿಮೊ ಹಗ್ಗ ಎಳೆದ, ಬೇಡಿಕೊಂಡ, ಸೇಬು ತೋರಿಸಿದ. ಅದು ಸೇಬು ತಿಂದು ಮತ್ತೆ ನಿಂತಿತು.

"ಒದೀರಿ ಆಂಟಿ."

"ನಾನ್ಯಾಕೆ ಒದೀಲಿ? ಇಷ್ಟು ಚೆನ್ನಾಗಿ ಕಾಣ್ತಿದೆ ಇಲ್ಲಿಂದ," ಎಂದಳು ಕಪೇಕಾ. ಜೀನಿನ ಮೇಲೆ ಮಹಾರಾಣಿಯ ಹಾಗೆ ಕೂತಿದ್ದಳು. "ಮಿಲಿ, ಬುತ್ತಿ ಬಿಚ್ಚು."

ಕಪೇಕಾಳನ್ನು ಇಳಿಸಿ, ಅಲ್ಲೇ ದಾರಿ ಬದಿಯಲ್ಲಿ ಕೂತು, ಹುರಿದ ಮಾಂಸದ ಬಿಲ್ಲೆಯನ್ನು ಅನ್ನದ ಮೇಲಿಟ್ಟು ಕಡಲಪಾಚಿಯಲ್ಲಿ ಕಟ್ಟಿದ ಮುಸುಬಿ ತಿಂದರು. ನೇನೇ ಬಾತು ಎರಡು ಬಂದು, ಸಾಲ ವಸೂಲಿಗೆ ಬಂದವರ ಹಾಗೆ ಮುಂದೆ ನಿಂತವು. ಅಪರೂಪದ ಹಕ್ಕಿ, ಕಾನೂನಿನ ಪ್ರಕಾರ ಅವಕ್ಕೆ ಏನೂ ಹಾಕುವಂತಿಲ್ಲ. ಕಪೇಕಾ ತಲೆಯೆತ್ತಿ ಬಾತುಗಳನ್ನು ಗದರುವಷ್ಟರಲ್ಲಿ ಅವಳ ಎಲೆಯ ಮೇಲಿದ್ದ ಎರಡನೆಯ ಮುಸುಬಿ ಮಾಯವಾಗಿತ್ತು.

"ಮಿಲಿ!"

"ಬಾತು ತಿಂತು," ಎಂದಳು ಮಿಲಿಯಾಮಾ, ಬಾಯಿ ತುಂಬ.

"ನನ್ನ ಹನಾಲೇನೂ ಹೀಗೇ ತಿಂದ್ಹಾಕ್ದೆ ನೀನು."

"ಬೇಕಾದ್ರೆ ಇವತ್ತೇ ವಾಪಸ್ ತಗೊಂಡು ಹೋಗು. ಕಾಲ್ಬೆರಳಿಗೆ ಪಟ್ಟಿ ಸಮೇತ ಕೊಡ್ತೀನಿ."

"ಯಾರಿಗೆ ಬೇಕು ಆ ಗೊರಕೆ! ನಮ್ಮ ಮನೆವರೆಗೂ ಕೇಳ್ಸುತ್ತೆ."

ಕಿಮೊ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ಕಪೇಕಾ ಮತ್ತೆ ಜೀನು ಹತ್ತಿದ ಮೇಲೂ ಅವನ ಕೆಮ್ಮು ನಿಲ್ಲಲಿಲ್ಲ, ಅದಕ್ಕೆ ಬೆದರಿ ಪೋಪೋಕಿ ತಾನಾಗಿಯೇ ಹೊರಟಿತು.

ಮಧ್ಯಾಹ್ನದ ಹೊತ್ತಿಗೆ ಕುಳಿಯ ತಳ ಮುಟ್ಟಿದರು. ಅಲ್ಲಿನ ಮೌನ ಹೊಸಬರನ್ನು ಹೆದರಿಸುತ್ತದೆ. ಹಕ್ಕಿಯಿಲ್ಲ, ಮರವಿಲ್ಲ, ನೀರಿಲ್ಲ, ಗಾಳಿ ನಿಂತರೆ ನಮ್ಮ ಎದೆಬಡಿತ ನಮಗೇ ಕೇಳುತ್ತದೆ. ಕಿಮೊ ಪೋಪೋಕಿಯನ್ನು ದಾರಿ ಪಕ್ಕದ ಗೂಟಕ್ಕೆ ಕಟ್ಟಿದ. ಕಪೇಕಾ ಇಳಿದು ಊರುಗೋಲು ಹಿಡಿದಳು. ಸ್ವಲ್ಪ ದೂರ ನಡೆದರೆ ದಿಬ್ಬ, ದಿಬ್ಬದ ಮೇಲೆ ಸೊಂಟದೆತ್ತರದ ಬೆನ್ನುಬಂಡೆ. ಯಾರೂ ಹೇಳಬೇಕಾಗಿರಲಿಲ್ಲ. ತಾಯಿ ಮಗ ಇಬ್ಬರೂ ಬಂಡೆಗೆ ಒರಗಿ ಉತ್ತರದ ಗೋಡೆಯ ಕಡೆ ಮುಖ ಮಾಡಿ ನಿಂತರು.

ಆ ಗೋಡೆ ಮಿಲಿಯಾಮಾಗೆ ಬಾಯಿಪಾಠ. ಅದರ ಯಾವ ಸೀಳು ಎಲ್ಲಿ ಕವಲೊಡೆಯುತ್ತದೆ, ಮೋಡ ಯಾವ ಸಂದಿಯಿಂದ ಮೊದಲು ಇಣುಕುತ್ತದೆ, ಎಲ್ಲ ಗೊತ್ತು. ನೋಡಬಾರದ್ದು ಹಿಂದಿರುವಾಗ ಮುಂದಿರುವುದನ್ನು ಎಷ್ಟು ಸಲ ನೋಡಲಾಗುತ್ತದೋ ಅಷ್ಟು ಸಲ ಅವಳು ನೋಡಿದ್ದಳು.

ಅಕ್ಕನ ಹೆಜ್ಜೆ ಸದ್ದು ದೂರವಾಯಿತು. ನಿಂತಿತು. ಹಿಂದಕ್ಕೆ ಬಂತು. ಮತ್ತೆ ಹೋಯಿತು. ಎಂದೂ ಇಷ್ಟು ಹೊತ್ತು ಹಿಡಿದಿರಲಿಲ್ಲ.

"ಅಮ್ಮಾ, ಆಂಟಿ ಬಿದ್ದುಗಿದ್ದರಾ?" ಎಂದು ಕಿಮೊ ಪಿಸುಗುಟ್ಟಿದ.

"ಬಿದ್ರೆ ಬೈಗುಳ ಕೇಳ್ಸುತ್ತೆ. ಸುಮ್ನಿರು."

ಕೊನೆಗೆ ಊರುಗೋಲಿನ ಸದ್ದು ಹತ್ತಿರ ಬಂದು, ಕಪೇಕಾ ತಂಗಿಯ ಎದುರಿಗೇ ಬಂದು ನಿಂತಳು. ಸೀಸೆ ಇನ್ನೂ ಕೊರಳಲ್ಲೇ ಇತ್ತು. ಮುಖ ಬಿಳಿಚಿಕೊಂಡಿತ್ತು.

"ಕಿಮೊ, ಕಿವಿ ಮುಚ್ಕೊ. ಎರಡೂ. ಗಟ್ಟಿಯಾಗಿ," ಎಂದಳು. ಅವನು ಕಿವಿಗಳಿಗೆ ಬೆರಳು ತುರುಕಿಕೊಂಡ. ಕಪೇಕಾ ತಂಗಿಯ ತೋಳು ಹಿಡಿದು ದನಿ ತಗ್ಗಿಸಿದಳು. "ಮಿಲಿ. ಎಲ್ಲಿದೆ ಅಂತ ತೋರ್ಸು."

"ಏನನ್ನ?"

"ಅದೇ ಕಣೇ. ಜಾಗ."

"ನಂಗೇನು ಗೊತ್ತು? ನಿಂಗಲ್ವಾ ಗೊತ್ತಿರೋದು?"

"ಬೆಳ್ಳಿಗಿಡ ಇಲ್ಲ," ಎಂದಳು ಕಪೇಕಾ. "ಆ ಗಿಡಾನ ಗುರುತಿಟ್ಕೊಂಡಿದ್ದೆ. ಅಲ್ಲಿಂದ ತಿರುಗಬೇಕಿತ್ತು. ಒಂದು ಎಲೇನೂ ಇಲ್ಲ, ಬೇರೂ ಇಲ್ಲ. ಎಲ್ಲಾ ಬಂಡೇನೂ ಒಂದೇ ಥರ ಕಾಣ್ತಿದೆ."

ಬೆಳ್ಳಿಗಿಡ ಆ ಬೆಟ್ಟ ಬಿಟ್ಟು ಇನ್ನೆಲ್ಲೂ ಬೆಳೆಯುವುದಿಲ್ಲ. ಬೆಳ್ಳಿಯ ಬಣ್ಣದ ಎಲೆಗಳ ಮುದ್ದೆಯಾಗಿ ಹತ್ತಾರು ವರ್ಷ ಸುಮ್ಮನೆ ಕೂತಿರುತ್ತದೆ. ಒಂದು ಬೇಸಿಗೆಯಲ್ಲಿ ಆಳೆತ್ತರ ಹೂವು ಬಿಟ್ಟು, ಅದೇ ವರ್ಷ ಸತ್ತುಹೋಗುತ್ತದೆ. ಕೌಪೋದ ಕೈಗೂಸಿಗೂ ಇದು ಗೊತ್ತು. ಮಿಲಿಯಾಮಾ ಬಾಯಿ ತೆರೆದು ಅಕ್ಕನನ್ನೇ ನೋಡಿದಳು.

"ಬೆಳ್ಳಿಗಿಡಾನ ಗುರುತಿಟ್ಕೊಂಡ್ಯಾ? ಸಾಯೋ ಗಿಡಾನ?"

"ಅಮ್ಮ ಕರ್ಕೊಂಡು ಬಂದಾಗ ಅದು ಇಷ್ಟೇ ಇಷ್ಟು ಇತ್ತು ಕಣೇ, ನನ್ನ ಮುಷ್ಟಿಯಷ್ಟು. ನಾನು ಸತ್ತ ಮೇಲೆ ಹೂ ಬಿಡುತ್ತೆ ಅಂದ್ಕೊಂಡೆ. ಹದಿನೈದು ವರ್ಷ ಈ ಕಡೆ ಬಂದಿಲ್ಲ. ಮುಂಡೇದು ನಂಗಿಂತ ಮುಂಚೆ ಹೋಗುತ್ತೆ ಅಂತ ಯಾರಿಗ್ಗೊತ್ತಿತ್ತು?" ಕೂಡಲೇ ಅವಳು ಗದರುವ ದನಿ ತಂದುಕೊಂಡಳು. "ಹೋಗ್ಲಿ ಬಿಡು. ನೀನಿದ್ದೀಯಲ್ಲ. ನಡಿ, ತೋರ್ಸು."

"ನಾನೆಲ್ಲಿಂದ ತೋರ್ಸ್ಲಿ? ನಾನು ನೋಡಿಲ್ಲ."

"ಮಿಲಿ, ನಾಟಕ ಬೇಡ. ನಾನೇನೂ ಬೈಯಲ್ಲ. ಯಾವಾಗ ಕದ್ದು ನೋಡ್ದೆ ಅಂತಾನೂ ಕೇಳಲ್ಲ."

"ನೋಡಿಲ್ಲ ಅಂದ್ನಲ್ಲ ಅಕ್ಕ."

"ಒಂದ್ಸಲಾನೂ?"

"ಒಂದ್ಸಲಾನೂ."

ಕಪೇಕಾ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಕೋಪದಲ್ಲಿ ಅವಳ ಮುಖಕ್ಕೆ ಬಣ್ಣ ಮರಳಿತ್ತು. "ಅಲ್ವೇ, ಹುಟ್ಟಿದಾಗ್ಲಿಂದ ಕಂಡಕಂಡಿದ್ದೆಲ್ಲ ಕದ್ದೆ! ನನ್ನ ಬಾಚಣಿಗೆ ಕದ್ದೆ, ಪಾದ್ರಿ ಮನೆ ಕೋಳಿ ಕದ್ದೆ, ಈಗ ತಾನೆ ನನ್ನ ಮುಸುಬಿ ಕದ್ದೆ. ಬೇಕಾದಾಗ ಒಂದೇ ಒಂದು ಕದೀಬೇಕಿತ್ತು, ಅದನ್ನ ಕದೀಲಿಲ್ವಾ? ನೀನು ನೋಡಿರ್ತೀಯ ಅಂತ ಅಲ್ವಾ ನಾನು ಇಷ್ಟು ವರ್ಷ ನಿಶ್ಚಿಂತೆಯಿಂದ ಮಲಗಿದ್ದು! ನಂಗೇನಾದ್ರೂ ಆದ್ರೆ ಇಲಿ ಕೂಸಿಗೆ ಗೊತ್ತಿದೆ ಅಂತ!"

ಮಿಲಿಯಾಮಾಗೆ ನಗು ಬಂತು, ಅಳುವೂ ಬಂತು.

"ಅದೊಂದನ್ನ ಕದೀಬಾರ್ದು ಅಂದ್ಕೊಂಡೆ," ಎಂದಳು. "ಅದೊಂದು ನೀನೇ ಕೊಡ್ಬೇಕು ಅಂತ. ಕುತ್ತಿಗೆ ತುರಿಸ್ತಿತ್ತು ಅಕ್ಕ, ನಿಜ ಹೇಳ್ತೀನಿ. ಕಿಮೊದು ಇಡೋಕೆ ಬಂದಾಗಂತೂ ಈ ಬಂಡೇನ ಎರಡೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ಆದ್ರೂ ತಿರುಗಲಿಲ್ಲ."

ಕಪೇಕಾ ಊರುಗೋಲಿನ ತುದಿಯಿಂದ ಬೂದಿಯಲ್ಲಿ ಗೀರು ಎಳೆದಳು, ಅಳಿಸಿದಳು. "ನಾನು ಕೇಳ್ಬೇಕಿತ್ತು," ಎಂದಳು. "ನೀನು ನೋಡೇ ಇರ್ತೀಯ ಅಂತ ಕೇಳ್ಲೇ ಇಲ್ಲ. ಈಗ ಆ ಮಗೂದು ಎಲ್ಲಿಡೋಣ? ನಮ್ಮಮ್ಮಂದು, ನಂದು, ಇವನದು, ಎಲ್ಲರದೂ ಅಲ್ಲಿದೆ. ಇದೊಂದು ಬೇರೆ ಎಲ್ಲೋ ಬಿದ್ದಿರಬೇಕಾ?"

ಅಲ್ಲಿಲ್ಲದ್ದು ತನ್ನದೊಂದೇ ಎಂದು ಮಿಲಿಯಾಮಾ ಹೇಳಲಿಲ್ಲ. ಅಲ್ಲಿಲ್ಲದೆ ಇರುವುದು ಹೇಗಿರುತ್ತದೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಅದು ಅನುಹೇಯಾಗೆ ಬೇಡ. ಏನಾದರೂ ಆಗಲಿ, ಬೇಡವೇ ಬೇಡ. ಅವಳು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದ ಕೂಡಲೇ, ಬೆನ್ನ ಹಿಂದಿನಿಂದ ಆ ಹಳೆಯ ದಿನಗಳ ಸದ್ದು ಕೇಳಿದ ಹಾಗಾಯಿತು.

"ಅಕ್ಕಾ," ಎಂದಳು. "ನಾನು ನೋಡ್ಲಿಲ್ಲ. ಆದ್ರೆ ಕೇಳ್ಸಿಕೊಂಡಿದೀನಿ."

"ಏನು?"

"ನೀನು ನಡೆಯೋದನ್ನ. ಪ್ರತೀ ಸಲ. ನಿಂತಲ್ಲಿಂದ ಬೇರೇನು ಮಾಡೋಕಿತ್ತು ನಂಗೆ? ಮೊದಲು ಚರಚರ ಅಂತಿತ್ತು, ಬೂದಿ. ಆಮೇಲೆ ತಟ್ಟೆ ಚೂರು ತುಳಿದ ಹಾಗೆ ಕಿಣಿಕಿಣಿ. ಆಮೇಲೆ ಖಾಲಿ ಪೀಪಾಯಿ ಬಡಿದ ಹಾಗೆ ದಬ್ ದಬ್. ಆಮೇಲೆ ಸದ್ದೇ ಇರ್ತಿರಲಿಲ್ಲ. ಜೀವ ಬಾಯಿಗೆ ಬರೋದು ಆಗ, ಎಲ್ಲಿ ಹೋದ್ಲಪ್ಪ ಇವಳು ಅಂತ. ಕೊನೆಗೆ ಕಲ್ಲು ಜರುಗಿಸಿದ ಸದ್ದು."

ಕಪೇಕಾ ತಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಕಣ್ಣಲ್ಲಿ ಕದೀಲಿಲ್ಲ, ಕಿವೀಲಿ ಕದ್ದೆ."

"ಅದಕ್ಕೇನೂ ಬೈಯಲ್ಲ ಅಂದ್ಯಲ್ಲ. ಹೋಗು, ನಡಿ. ನಾನು ಇಲ್ಲೇ ತಿರುಗಿ ನಿಲ್ತೀನಿ. ತಪ್ಪಿದ್ರೆ ಕೂಗ್ತೀನಿ."

ಹೀಗೆ ಶುರುವಾಯಿತು. ಮಿಲಿಯಾಮಾ ಬಂಡೆಗೆ ಒರಗಿ, ಉತ್ತರದ ಗೋಡೆಯ ಕಡೆ ಮುಖ ಮಾಡಿ, ಉಸಿರು ಬಿಗಿಹಿಡಿದು ನಿಂತಳು. ಪಕ್ಕದಲ್ಲಿ ಕಿಮೊ ಕಿವಿಗೆ ಬೆರಳಿಟ್ಟುಕೊಂಡು ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ಅವನ ಪಕ್ಕೆಗೆ ತಿವಿದು ಅದನ್ನೂ ನಿಲ್ಲಿಸಿದಳು.

ಚರಚರ. ಚರಚರ. ಟಕ್.

"ಎಡಕ್ಕೆ ಹೋಗು!"

"ನಿನ್ನ ಎಡಾನಾ, ನನ್ನ ಎಡಾನಾ?" ದೂರದಿಂದ ಕಪೇಕಾಳ ದನಿ.

"ನನ್ನ ಎಡ! ಯಾವಾಗ್ಲೂ ನನ್ನ ಎಡಗಿವೀಲೇ ಶುರುವಾಗೋದು!"

"ಹಾಗಂದ್ರೆ ನನ್ನ ಬಲ ಅನ್ನು! ಕತ್ತೆ!"

"ನೀನು ಹೆಜ್ಜೆ ಎಳೀತಿದ್ದೀಯ, ಏನೂ ತಿಳೀತಿಲ್ಲ. ಆಗ ನಡೆದ ಹಾಗೆ ನಡಿ!"

"ಆಗ ನಂಗೆ ಮೂವತ್ತು ವರ್ಷ ಕಣೇ! ಮೂವತ್ತು ವರ್ಷದ ಮೊಣಕಾಲು ಇದ್ರೆ ಕೊಡು, ನಡೀತೀನಿ!"

ಕಿಣಿಕಿಣಿ ಸಿಕ್ಕಿತು. ಮತ್ತೆ ತಪ್ಪಿತು. ಮತ್ತೆ ಸಿಕ್ಕಿತು. ಒಮ್ಮೆ ಪೀಪಾಯಿಯಂಥ ಸದ್ದು ಬಂತು, ಆದರೆ ತೀರ ಸಣ್ಣಗೆ. ಅದಲ್ಲ, ಇನ್ನೂ ದಪ್ಪ ದನಿ, ಹಿಂದಕ್ಕೆ ಬಾ ಎಂದು ಮಿಲಿಯಾಮಾ ಕೂಗಿದಳು. ಕಪೇಕಾ ಊರುಗೋಲಿನಿಂದ ಒಂದೊಂದೇ ಬಂಡೆಯನ್ನು ತಟ್ಟುತ್ತ ಬಂದಳು. ತಟ್. ತಟ್. ತಟ್. ಕುಂಬಾರನಂಗಡಿಯಲ್ಲಿ ಮಡಕೆ ಆರಿಸುವವಳ ಹಾಗೆ. ಮೋಡದ ಮೊದಲ ತುಣುಕು ಉತ್ತರದ ಸಂದಿಯಿಂದ ಇಣುಕಿತು. ಗಾಳಿ ಎದ್ದರೆ ಏನೂ ಕೇಳುವುದಿಲ್ಲ.

ದಬ್.

"ಅದೇ! ಅದೇ ಅದೇ ಅದೇ! ನಿಲ್ಲು! ಇನ್ನೊಂದ್ಸಲ ಬಡಿ!"

ದಬ್. ದಬ್.

"ಅಲ್ಲಿಂದ ಸದ್ದು ಬರದೇ ಇರೋ ಕಡೆ ಹೋಗು!"

ಸದ್ದು ನಿಂತುಹೋಯಿತು. ಪೂರ್ತಿ. ಮೊದಲಿನ ಹಾಗೇ, ತಾಯಿ ಬದುಕಿದ್ದಾಗಿನ ಹಾಗೇ. ಮಿಲಿಯಾಮಾ ತನ್ನ ಎದೆಬಡಿತ ಕೇಳುತ್ತ ನಿಂತಳು. ಆಮೇಲೆ ಕಲ್ಲಿನ ಮೇಲೆ ಕಲ್ಲು ಜರುಗಿದ ಸದ್ದು ಬಂತು, ಕರಕರ ಎಂದು, ಸಣ್ಣಗೆ. ಅವಳಿಗೆ ಆ ಸದ್ದು ತನ್ನ ಹೆಸರಿನಷ್ಟೇ ಪರಿಚಯ.

ಆಮೇಲೆ ಅಕ್ಕನ ದನಿ ಬಂತು. ಗದರಿಕೆಯಿಲ್ಲ, ತಮಾಷೆಯಿಲ್ಲ, ಮಿಲಿ ಚಿಕ್ಕವಳಿದ್ದಾಗ ಊಟಕ್ಕೆ ಕರೆಯುತ್ತಿದ್ದ ದನಿ.

"ಮಿಲೀ. ತಿರುಗು."

ಮಿಲಿಯಾಮಾಗೆ ಕೂಡಲೇ ತಿರುಗಲಾಗಲಿಲ್ಲ. ಇಷ್ಟು ವರ್ಷ ಅತ್ತಲೇ ನಿಂತು ಕುತ್ತಿಗೆಗೂ ಅದೇ ರೂಢಿಯಾಗಿತ್ತೇನೋ. "ಈಗ್ಲಾ?" ಎಂದು ಕೇಳಿದಳು, ದಡ್ಡಿಯ ಹಾಗೆ.

"ಇಲ್ಲ, ಮುಂದಿನ ಈಸ್ಟರ್‌ಗೆ. ತಿರುಗೇ, ಬಾ ಇಲ್ಲಿ!"

ಅವಳು ತಿರುಗಿದಳು. ನೋಡಲು ಏನೂ ಇರಲಿಲ್ಲ. ಇಳಿಜಾರು, ಕರಿಬಂಡೆಗಳು, ನಡುವೆ ಕೆಂಪು ಅಂಗಿಯ ಅಕ್ಕ ಕೈಚಾಚಿಕೊಂಡು ನಿಂತಿದ್ದಳು. ಇಷ್ಟಕ್ಕೆ ತಾನು ಇಷ್ಟು ವರ್ಷ ಪರದಾಡಿದೆನೇ ಎಂದು ಅವಳಿಗೆ ನಗು ಬಂತು. ನಗುತ್ತಲೇ ಇಳಿದಳು, ಕಣ್ಣೀರು ಗಲ್ಲದ ಮೇಲಿಂದ ಇಳಿದು ಬಾಯಿಗೆ ಉಪ್ಪುಪ್ಪಾಯಿತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಬೂದಿ ಚರಚರ ಎಂದಿತು. ಕಲ್ಲುಚೂರು ಕಿಣಿಕಿಣಿ ಎಂದಿತು. ಟೊಳ್ಳು ಬಂಡೆಯ ಮೇಲೆ ಬಂದಾಗ ಅವಳು ಬೇಕೆಂದೇ ಎರಡು ಸಲ ಜಿಗಿದಳು, ದಬ್ ದಬ್. ಬಂಡೆಯ ಆಚೆಗೆ ಹಿಟ್ಟಿನಂಥ ನುಣುಪು ಮರಳು, ಕಾಲಿಟ್ಟರೆ ಚೂರೂ ಸದ್ದಿಲ್ಲ. ಅಲ್ಲಿ ಕಪೇಕಾ ಅವಳ ಕೈ ಹಿಡಿದುಕೊಂಡು ಕೊನೆಯ ನಾಲ್ಕು ಹೆಜ್ಜೆ ತಾನೇ ನಡೆಸಿದಳು. ಇಬ್ಬರೂ ಮಾತಾಡಲಿಲ್ಲ. ನಡೆಸಿಕೊಂಡು ಹೋಗುವುದೆಂದರೆ ಹೀಗೆಯೇ.

ಬಿರುಕು ಒಂದು ಗೇಣಿನಷ್ಟು ಅಗಲವಿತ್ತು. ಮಿಲಿಯಾಮಾ ಮಂಡಿಯೂರಿ ಕೈಯಿಟ್ಟಳು. ಒಳಗಿನಿಂದ ತಣ್ಣನೆಯ ಗಾಳಿ ಬೆರಳುಗಳಿಗೆ ತಗುಲಿತು. ಕಪೇಕಾ ಕೊರಳಿಂದ ಚೀಲ ತೆಗೆದು ತಂಗಿಯ ಅಂಗೈಯಲ್ಲಿಟ್ಟಳು.

"ನೀನೇ ಇಡು."

"ನಾನಾ?"

"ಇನ್ಯಾರು? ಮುಂದಿನ ಸಲ ನಾನಿರಲ್ಲ. ಇದ್ರೂ ಮೇಲೆ ಕಾಫಿ ಕುಡೀತಾ ಕೂತಿರ್ತೀನಿ."

ಸೀಸೆಯಿಂದ ಒಣಗಿದ ಆ ಸಣ್ಣ ಚೂರನ್ನು ತೆಗೆದು, ಮನೆಯಿಂದ ತಂದಿದ್ದ ಹಸಿರು ಎಲೆಯಲ್ಲಿ ಸುತ್ತಿ, ಮಿಲಿಯಾಮಾ ತೋಳು ಹೋಗುವಷ್ಟು ಒಳಗಿಟ್ಟಳು. ಅನುಹೇಯಾ ಎಂದು ಒಮ್ಮೆ ಹೆಸರು ಹೇಳಿದಳು. ಅಕ್ಕ ತಂಗಿ ಇಬ್ಬರೂ ಸೇರಿ ಕಲ್ಲನ್ನು ಮತ್ತೆ ಜರುಗಿಸಿದರು. ಅಷ್ಟೇ. ಅವಳ ಜೀವನದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ, ಮಗ ಹುಟ್ಟಿದ ದಿನವೂ ಆಗಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಿಯೂ ಹೇಳಿದಳು. ಕಪೇಕಾ ಮೂಗು ಸೀಟಿಕೊಂಡು, ಕಿಮೊಗೆ ಹೇಳ್ತೀನಿ ಎಂದಳು.

"ಈಗ ಗುರುತು ಏನಿಟ್ಕೋತೀಯ?" ಎಂದು ಕೇಳಿದಳು ಕಪೇಕಾ. "ಗಿಡಗಿಡ ಬೇಡ."

"ನಂಗ್ಯಾಕೆ ಗುರುತು? ಕಿವಿ ಇದೆಯಲ್ಲ."

"ಕಿವಿ ಕೆಟ್ರೆ?"

ಮಿಲಿಯಾಮಾ ಉತ್ತರ ಕೊಡಲು ತಲೆಯೆತ್ತಿದಳು. ಹಾಗೆ ಎತ್ತಿದಾಗ ದಿಬ್ಬದ ಮೇಲಿನ ಬೆನ್ನುಬಂಡೆ ಕಣ್ಣಿಗೆ ಬಿತ್ತು. ಕಿಮೊ ಅಲ್ಲೇ ನಿಂತಿದ್ದ, ಎರಡೂ ಕಿವಿಗೆ ಬೆರಳು, ಬೆನ್ನು ಇತ್ತ ಕಡೆಗೇ. ಮೈಯೆಲ್ಲ ಉತ್ತರದ ಗೋಡೆಯ ಕಡೆಗಿತ್ತು. ತಲೆ ಮಾತ್ರ ಆ ಕಡೆಗಿರಲಿಲ್ಲ. ಗೂಬೆ ತಿರುಗಿಸಿದ ಹಾಗೆ ಕುತ್ತಿಗೆಯನ್ನು ಹೆಗಲ ಮೇಲಿಂದ ಇತ್ತ ತಿರುಗಿಸಿ, ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಏಯ್ ಎಂದು ಕೂಗಲು ಅವಳ ಬಾಯಿ ತೆರೆಯಿತು. ಹಾಗೆಯೇ ಮುಚ್ಚಿಕೊಂಡಿತು.

"ಏನೇ ಅಲ್ಲಿ?" ಎಂದಳು ಕಪೇಕಾ. ಅವಳ ಬೆನ್ನು ದಿಬ್ಬದ ಕಡೆಗಿತ್ತು.

"ಏನಿಲ್ಲ, ಮೋಡ," ಎಂದಳು ಮಿಲಿಯಾಮಾ.

ಆದರೆ ಮಿಲಿಯಾಮಾಳ ಅಗಲವಾದ ಮೈ ದಿಬ್ಬಕ್ಕೂ ಬಿರುಕಿಗೂ ನಡುವೆ ಗೋಡೆಯ ಹಾಗೆ ನಿಂತಿತ್ತು. ಅವಳು ಮೆಲ್ಲಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

"ಸುಮ್ನೆ ನಿಲ್ಲಬಾರ್ದಾ? ಯಾಕೆ ಅಲ್ಲಾಡ್ತಿದ್ದೀಯ?"

"ಕಾಲು ಜೋಮು ಹಿಡೀತಕ್ಕ," ಎಂದು ಮಿಲಿಯಾಮಾ ಅಕ್ಕನ ತೋಳು ಹಿಡಿದು 'ಬಾ, ಈ ಕಡೆ ಬಾ' ಎಂದು ಅವಳನ್ನೂ ಜೊತೆಗೆ ಸರಿಸಿಕೊಂಡು, ಮಗನಿಗೆ ಚೆನ್ನಾಗಿ ಕಾಣುವ ಹಾಗೆ ನಿಂತಳು.